ರಾತ್ರಿ 2 ಗಂಟೆಗೆ ಅಪ್ಪ ಯಾಕೆ ಓಡಾಡುತ್ತಾರೆ?

ಆ ವಾರ ನಮ್ಮ ಮಗ ಚೆಂಡು ಮುಟ್ಟಿರಲಿಲ್ಲ. ಐದು ವರ್ಷದ ಹುಡುಗ ಎರಡು ದಿನ ಸುಮ್ನೆ ಕೂತರೆ ಏನೋ ಆಗಿದೆ ಅಂತಲೇ ಅರ್ಥ. ಮಲಗಿಸುವಾಗ ಮೆಲ್ಲಗೆ ಕೇಳಿದೆ. "ನಾನು ಗೋಡೆಗೆ ಚೆಂಡು ಹೊಡೆದೆ ಅಲ್ವಾ ಅಮ್ಮಾ, ಅದಕ್ಕೇ ಅಪ್ಪನಿಗೆ ತಲೆನೋವು ಬಂದಿದ್ದು" ಅಂದ. ಎಷ್ಟು ದಿನದಿಂದ ಇದನ್ನು ಒಳಗೆ ಇಟ್ಟುಕೊಂಡಿದ್ದನೋ.

ಇವರಿಗಿರುವುದು ಕ್ಲಸ್ಟರ್ ತಲೆನೋವು. ಮೈಗ್ರೇನ್ ಇರುವವರು ಸಾಮಾನ್ಯವಾಗಿ ಕತ್ತಲೆಯಲ್ಲಿ ಅಲುಗಾಡದೆ ಮಲಗುತ್ತಾರೆ. ಇದರಲ್ಲಿ ಕೂತರೂ ಆಗುವುದಿಲ್ಲ, ನಿಂತರೂ ಆಗುವುದಿಲ್ಲ. ಒಂದೇ ಕಣ್ಣಿನ ಸುತ್ತ ನೋವು, ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಅದೇ ಬದಿಯ ಮೂಗು ಕಟ್ಟುತ್ತದೆ ಇಲ್ಲವೇ ಸೋರುತ್ತದೆ. ಒಂದು ಸಲ ಬಂದರೆ 15 ನಿಮಿಷದಿಂದ 3 ಗಂಟೆವರೆಗೆ ಇರಬಹುದು, ಕೆಲವರಿಗೆ ದಿನಕ್ಕೆ 8 ಸಲವೂ ಬರುತ್ತದೆ. ಹೀಗೆ ಕೆಲವು ವಾರ ಅಥವಾ ತಿಂಗಳು ಕಾಡಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಹೋಗಿಬಿಡುತ್ತದೆ. ಇವರಿಗೆ ಹೆಚ್ಚಾಗಿ ರಾತ್ರಿ 2 ಗಂಟೆ ಹೊತ್ತಿಗೆ.

ನಾವು ಮಾಡಿದ ತಪ್ಪು ಏನೆಂದರೆ, ಬಾಗಿಲು ಹಾಕಿಕೊಂಡು "ಅಪ್ಪನಿಗೆ ಸ್ವಲ್ಪ ತಲೆನೋವು, ಮಲಗಿ" ಅಂದುಬಿಟ್ಟೆವು. ಮಕ್ಕಳಿಗೆ ಕಿವಿ ಇದೆ. ನರಳುವುದು, ಹೆಜ್ಜೆ ಸದ್ದು, ಗೋಡೆಗೆ ಕೈ ಬಡಿಯುವುದು ಎಲ್ಲ ಕೇಳುತ್ತದೆ. ನಾವು ಹೇಳದೆ ಬಿಟ್ಟದ್ದನ್ನು ಅವರೇ ತುಂಬಿಕೊಳ್ಳುತ್ತಾರೆ, ಅದೂ ಇರುವುದಕ್ಕಿಂತ ಕೆಟ್ಟದಾಗಿ. ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಒಮ್ಮೆ ಜ್ವರದಲ್ಲಿ ಮಗನಿಗೆ ತಲೆ ನೋಯುತ್ತಿತ್ತು. "ನಾನೂ ಅಪ್ಪನ ಹಾಗೆ ಆಗ್ತೀನಾ?" ಅಂತ ಅಳೋಕೆ ಶುರು ಮಾಡಿದ. ಎರಡಕ್ಕೂ ನಾವು ಒಂದೇ ಹೆಸರು ಕೊಟ್ಟಿದ್ದೆವಲ್ಲ! ಈಗ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರು, "ರಾತ್ರಿ ನೋವು". ಮಗಳು ಇಟ್ಟದ್ದು.

ಕೊನೆಗೆ ಒಂದು ಬೆಳಿಗ್ಗೆ ಇವರೇ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಹಗಲು, ನೋವಿಲ್ಲದ ಹೊತ್ತು, ಕಣ್ಣೂ ಸರಿಯಾಗಿತ್ತು. "ನೋವು ಬಂದಾಗ ನಾನು ಕೂಗ್ತೀನಿ. ನೋವಿಗೆ ಕೂಗೋದು, ನಿಮ್ಮ ಮೇಲೆ ಅಲ್ಲ. ಆಗ ನನ್ನ ಮುಟ್ಟಿದ್ರೂ ಮಾತಾಡಿಸಿದ್ರೂ ತಡೆಯೋಕಾಗಲ್ಲ, ಹೋದ ಮೇಲೆ ನಾನೇ ಬಂದು ತಬ್ಕೋತೀನಿ. ನೀವು ಗಲಾಟೆ ಮಾಡಿದ್ರಿಂದ ಇದು ಬರಲ್ಲ. ಚೆಂಡಿನಿಂದಲೂ ಬರಲ್ಲ." ಇದೇ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೋ. ಅವರ ಬಾಯಿಂದ ಬಂದಾಗಲೇ ಮಗ ನಂಬಿದ್ದು.

ಮಗಳಿಗೆ ಹತ್ತು ವರ್ಷ, ಅವಳ ಪ್ರಶ್ನೆಗಳೇ ಬೇರೆ. ಮಾತ್ರೆ ನುಂಗಬಹುದಲ್ವಾ? ಮಾತ್ರೆ ಕೆಲಸ ಶುರು ಮಾಡುವ ಹೊತ್ತಿಗೆ ನೋವು ತುದಿ ಮುಟ್ಟಿರುತ್ತದೆ, ಅದಕ್ಕೇ ಇಂಜೆಕ್ಷನ್ ಅಥವಾ ಆಕ್ಸಿಜನ್. ಅಷ್ಟು ಸರಿಯಾಗಿ ಅದೇ ಸಮಯಕ್ಕೆ ಹೇಗೆ ಬರುತ್ತದೆ? ಮೆದುಳಿನ ಒಳಗೆ ಹೈಪೋಥಲಾಮಸ್ ಅಂತ ಒಂದು ಚಿಕ್ಕ ಭಾಗ ಇದೆ, ದೇಹದ ಗಡಿಯಾರ ಇರುವುದು ಅಲ್ಲೇ. ನೋವು ಬಂದಾಗ ಆ ಜಾಗ ಚುರುಕಾಗುವುದನ್ನು 1998ರಲ್ಲಿ ಸ್ಕ್ಯಾನ್‌ನಲ್ಲಿ ನೋಡಿದ್ದಾರೆ. ಇದು ಅವಳಿಗೆ ಬಹಳ ಹಿಡಿಸಿತು, ಕಾರಣ ಅಪ್ಪನ ದೇಹದ ಒಳಗೇ ಇದೆ, ಮನೆಯಲ್ಲಿ ಯಾರೂ ಏನೂ ಮಾಡಿಲ್ಲ ಅಂತ ಅವಳೇ ತಮ್ಮನಿಗೆ ವಿವರಿಸಿದಳು. ಆಮೇಲೆ ನನ್ನನ್ನು ಒಬ್ಬಳನ್ನೇ ಕರೆದು, "ಅಪ್ಪ ಸತ್ತು ಹೋಗ್ತಾರಾ?" ಅಂದಳು. ಇಲ್ಲ, ಡಾಕ್ಟರು ತಲೆ ಸ್ಕ್ಯಾನ್ ಮಾಡಿ ನೋಡಿದ್ದಾರೆ, ಗಡ್ಡೆ ಏನೂ ಇಲ್ಲ ಅಂದೆ. "ಹಾಗಾದ್ರೆ ಇನ್ಮೇಲೆ ಬರಲ್ವಾ?" ಹೂಂ ಅನ್ನಲು ಬಾಯಿ ಹಾತೊರೆಯಿತು. ಅನ್ನಲಿಲ್ಲ. ಬರಬಹುದು, ಬಂದರೆ ಏನು ಮಾಡಬೇಕು ಅಂತ ನಮಗೆ ಗೊತ್ತು ಅಂದೆ. ಸುಳ್ಳು ಹೇಳಿ ಮುಂದಿನ ವಾರವೇ ನೋವು ಬಂದಿದ್ದರೆ, ನನ್ನ ಬೇರೆ ಯಾವ ಮಾತನ್ನೂ ಅವಳು ನಂಬುತ್ತಿರಲಿಲ್ಲ.

ಮಾಸ್ಕ್ ಕಂಡರೆ ಮಗನಿಗೆ ನೋವಿಗಿಂತ ಜಾಸ್ತಿ ಭಯವಿತ್ತು. ಚೀಲದಂಥದ್ದು ಉಬ್ಬಿ ಇಳಿಯುವ ಆ ಮಾಸ್ಕ್‌ನಲ್ಲಿ ನಿಮಿಷಕ್ಕೆ 12ರಿಂದ 15 ಲೀಟರ್ ಆಕ್ಸಿಜನ್, 15-20 ನಿಮಿಷ ಎಳೆದುಕೊಳ್ಳಬೇಕು. ಹಗಲಲ್ಲಿ ಸಿಲಿಂಡರ್‌ನಿಂದ ಬಿಚ್ಚಿ ಅವನ ಕೈಗೇ ಕೊಟ್ಟೆವು. ಗೊಂಬೆಗೆ ಹಾಕಿದ, ನನಗೂ ಹಾಕಿದ. ಸಿಲಿಂಡರ್ ತಿರುಗಣೆ ಮುಟ್ಟಬಾರದು, ಹತ್ತಿರ ಬೆಂಕಿ ತರಬಾರದು ಅಂತ ಎರಡೇ ನಿಯಮ. ಶಾಲೆಯಲ್ಲಿ ಟೀಚರಿಗೂ ವಿಷಯ ಹೇಳಿದ್ದೇವೆ, ನಿದ್ದೆಗೆಟ್ಟ ದಿನ ಅವರಿಗೆ ಅರ್ಥವಾಗಲಿ ಅಂತ.

ಮೊನ್ನೆ ರಾತ್ರಿ ಮಗ ಎದ್ದ. "ರಾತ್ರಿ ನೋವಾ?" ಹೂಂ ಅಂದೆ. "ಮಾಸ್ಕ್ ಹಾಕೊಂಡ್ರಾ?" ಹಾಕಿಕೊಂಡಿದ್ದಾರೆ ಅಂದೆ. ಮಗ್ಗುಲು ಬದಲಿಸಿ ಮಲಗಿಬಿಟ್ಟ.

ಮಗಳು ಮಾತ್ರ ಬಾಗಿಲ ಹೊರಗೆ ನಿಂತಿದ್ದಳು. ಅಪ್ಪನಿಗೆ ಕಾವಲು ಇರುವುದು ನಿನ್ನ ಕೆಲಸ ಅಲ್ಲ, ಅದು ದೊಡ್ಡವರದು ಅಂತ ಎಷ್ಟು ಹೇಳಿದರೂ ಏಳುತ್ತಾಳೆ. ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡೆ. ಓಡಾಟದ ಸದ್ದು ನಿಲ್ಲುವವರೆಗೆ ಇಬ್ಬರೂ ಎಚ್ಚರವಾಗಿಯೇ ಇದ್ದೆವು.