ಅವಸರದ ಸೊಸೆ

ಭಾನುವಾರ ಮಧ್ಯಾಹ್ನದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನಿನ್ನ ದುಡ್ಡು ನನಗೆ ಅವಸರವಿಲ್ಲ ಕಣೋ."

ಹೇಳಿದ್ದು ಸಿನಿಮಾದಲ್ಲಿನ ಅಪ್ಪ. ಕೇಳಿದ್ದು ನಾವು ಐದು ಜನ. ನಾಲ್ಕು ಜನ ನಕ್ಕೆವು. ನಮ್ಮ ಅತ್ತೆ ಅತ್ತರು.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅದು. ಅವರೆಕಾಯಿ ಕಾಲ. ಹಿಂದಿನ ರಾತ್ರಿಯೇ ಕಾಳು ನೆನೆಹಾಕಿದ್ದೆ. ಹಿದುಕಿದ ಬೇಳೆ ಸಾರು ಆಗಬೇಕು ಅಂದರೆ ಮನೆಯವರೆಲ್ಲ ಕೈ ಹಾಕಬೇಕು, ಒಬ್ಬರಿಂದ ಮುಗಿಯುವ ಕೆಲಸವಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅವರೆ ಹಿದುಕುವುದೂ ಸಿನಿಮಾ ನೋಡುವುದೂ ಒಟ್ಟಿಗೇ ನಡೆಯುತ್ತದೆ. ಟಿವಿ ಮುಂದೆ ಚಾಪೆ, ನಡುವೆ ದೊಡ್ಡ ಪಾತ್ರೆ, ಸುತ್ತ ನಾವು.

ಆ ವಾರ ಅದು ಮೂರನೆಯ ಸಿನಿಮಾ. ಮೊದಲನೆಯದನ್ನು ತುಮಕೂರಿನ ಥಿಯೇಟರಿನಲ್ಲೇ ನೋಡಿದ್ದೆವು. ದೊಡ್ಡ ಹೀರೋ, ದೊಡ್ಡ ಹೊಡೆದಾಟ. ನನಗೆ ಹಿಡಿಸಲಿಲ್ಲ. ಸಂಗೀತದ ಅಬ್ಬರದಲ್ಲಿ ಅರ್ಧ ಮಾತು ಕೇಳಿಸುವುದೇ ಇಲ್ಲ. ಕೇಳಿಸಿದ ಅರ್ಧದಲ್ಲೂ ಹೀರೋ ತಾನೆಷ್ಟು ದೊಡ್ಡವನು ಅಂತ ತಾನೇ ಹೇಳಿಕೊಳ್ಳುತ್ತಾನೆ. ಎರಡನೆಯದು ಒಬ್ಬ ಹಳ್ಳಿ ಮೇಷ್ಟ್ರ ಕತೆ, ಸಣ್ಣ ಕನ್ನಡ ಸಿನಿಮಾ. ತುಂಬಾ ಚೆನ್ನಾಗಿತ್ತು. ಅದರಲ್ಲಿ ಜನ ನಿಜವಾಗಿ ಮಾತಾಡುವ ಹಾಗೆ ಮಾತಾಡುತ್ತಾರೆ, ಮಾತು ಮುಗಿದ ಮೇಲೆ ಸುಮ್ಮನೆ ಕೂರುತ್ತಾರೆ. ಅಂಥ ಸಿನಿಮಾಕ್ಕೆ ದಿನಕ್ಕೆ ಒಂದೇ ಆಟ ಕೊಟ್ಟು, ಮುಂದಿನ ಶುಕ್ರವಾರ ತೆಗೆದುಬಿಟ್ಟರು. ಇದರ ಬಗ್ಗೆ ನನಗೆ ಇನ್ನೂ ಬೇಜಾರಿದೆ.

ಮೂರನೆಯದು ತೆಲುಗಿನಿಂದ ಕನ್ನಡಕ್ಕೆ ಡಬ್ ಆದದ್ದು. ಕತೆ ಇಷ್ಟೇ. ಜಗಳ ಮಾಡಿ ಊರು ಬಿಟ್ಟ ಮಗ ಹತ್ತು ವರ್ಷದ ಮೇಲೆ ಸೂಟ್‌ಕೇಸ್ ತುಂಬ ದುಡ್ಡು ತರುತ್ತಾನೆ. ಜಗಲಿ ಮೇಲೆ ಇಡುತ್ತಾನೆ. ಅಪ್ಪ ಆ ಕಡೆ ತಿರುಗಿಯೂ ನೋಡುವುದಿಲ್ಲ. ಗೋಡೆ ಕಡೆ ಮುಖ ಮಾಡಿ ಆ ಮಾತು ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ.

"ನಿನ್ನ ದುಡ್ಡು ನನಗೆ ಅವಸರವಿಲ್ಲ ಕಣೋ."

"ಹಂಗಾದ್ರೆ ನಾಳೆ ತಗೊಳ್ತಾರಾ?" ಅಂದಳು ಎಂಟನೇ ಕ್ಲಾಸಿನ ಮಗಳು. ಎಲ್ಲರೂ ನಕ್ಕೆವು. ಮಗನಂತೂ ಚಾಪೆ ಮೇಲೆ ಉರುಳಾಡಿದ. ಅಷ್ಟರಲ್ಲಿ ಪಾತ್ರೆಗೆ ಬೇಳೆ ಬೀಳುವ ಸದ್ದು ಒಂದು ಕಡೆಯಿಂದ ನಿಂತಿತು. ನೋಡಿದರೆ ಅತ್ತೆಯ ಕೈ ಕಾಳಿನ ಮೇಲೆ ಹಾಗೇ ಇದೆ. ಕಣ್ಣಲ್ಲಿ ನೀರು.

"ಯಾಕ್ರೋ ನಗ್ತೀರಾ? ಅಪ್ಪ ಮಗನ್ನೇ ಬೇಡ ಅಂದ" ಅಂದರು.

"ಇಲ್ಲ ಅಜ್ಜಿ, ಅವಸರ ಇಲ್ಲ ಅಂದ್ರೆ ಅರ್ಜೆಂಟ್ ಇಲ್ಲ ಅಂತ."

"ಅವಸರಂ ಲೇದು ಅಂಟೆ ಬೇಡ ಅಂತ. ಬೇಕಾಗಿಲ್ಲ ಅಂತ."

ನಮ್ಮ ಅತ್ತೆ ಪಾವಗಡದ ಕಡೆಯವರು. ಪಾವಗಡ ನಮ್ಮ ತುಮಕೂರು ಜಿಲ್ಲೆಯದೇ ತಾಲ್ಲೂಕು. ಆದರೆ ಮಧುಗಿರಿ ಮೇಲೆ ಹೋದರೆ ನಡುವೆ ಆಂಧ್ರದ ಊರುಗಳು ಬಂದು, ಅದನ್ನು ದಾಟಿದ ಮೇಲೆ ಮತ್ತೆ ಕರ್ನಾಟಕ ಸಿಗುತ್ತದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಅತ್ತೆಯ ತವರಿನಲ್ಲೂ ಹಾಗೇ. ಕನ್ನಡ ಶಾಲೆಗೆ ಅವರು ಹೋದದ್ದು ಎರಡೇ ವರ್ಷ. ಹತ್ತೊಂಬತ್ತಕ್ಕೆ ಮದುವೆಯಾಗಿ ಗುಬ್ಬಿಗೆ ಬಂದರು. ಗುಬ್ಬಿಯ ಮನೆಯಲ್ಲಿ ತೆಲುಗು ಒಬ್ಬರಿಗೂ ಬರುತ್ತಿರಲಿಲ್ಲ. ಇದಾಗಿ 42 ವರ್ಷ.

ನನ್ನ ಗಂಡ ರಿಮೋಟ್ ತಗೊಂಡು ಭಾಷೆ ಬದಲಾಯಿಸಿ, ದೃಶ್ಯವನ್ನು ಹಿಂದಕ್ಕೆ ತಂದರು. ಈಗ ಅಪ್ಪ ತೆಲುಗಿನಲ್ಲಿ ಹೇಳಿದ. "ನೀ ಡಬ್ಬು ನಾಕು ಅವಸರಂ ಲೇದು ರಾ." ಯಾರೂ ನಗಲಿಲ್ಲ. ತೆಲುಗಿನಲ್ಲಿ ಅವಸರಂ ಅಂದರೆ ಬೇಕಾದದ್ದು, ಅಗತ್ಯ. ಅಪ್ಪ ಹೇಳಿದ್ದು "ನಿನ್ನ ದುಡ್ಡು ನನಗೆ ಬೇಕಾಗಿಲ್ಲ" ಅಂತ. ಅದು ಕನ್ನಡಕ್ಕೆ ಬರುವಾಗ ಪದ ಹಾಗೇ ಬಂತು, ಅರ್ಥ ಅಲ್ಲೇ ಉಳಿಯಿತು. ನಾವು ಕನ್ನಡ ಕೇಳಿ ನಕ್ಕೆವು. ಅತ್ತೆ ಕನ್ನಡವನ್ನೇ ಕೇಳಿಯೂ ತೆಲುಗಿನ ಅರ್ಥ ತಗೊಂಡು ಅತ್ತರು. ಆ ಕೋಣೆಯಲ್ಲಿ ಸಿನಿಮಾವನ್ನು ಸರಿಯಾಗಿ ನೋಡಿದ್ದು ಅವರೊಬ್ಬರೇ.

ಆ ದೃಶ್ಯವನ್ನು ನಾವು ಮತ್ತೆರಡು ಸಲ ಹಾಕಿ ನೋಡಿದೆವು. ನನಗೆ ಡಬ್ಬಿಂಗ್ ಬಗ್ಗೆ ಮೊದಲಿನಿಂದಲೂ ಆಸಕ್ತಿ. ನಮ್ಮ ಅಪ್ಪ ಡಬ್ಬಿಂಗ್ ಬೇಡ ಅನ್ನುವವರು, ನಮ್ಮ ಕಲಾವಿದರ ಅನ್ನ ಹೋಗುತ್ತದೆ ಅನ್ನುವುದು ಅವರ ಭಯ. ನಾನು ಬೇಕು ಅನ್ನುವವಳು. ಎಷ್ಟೋ ವರ್ಷ ನಮ್ಮ ಚಿತ್ರರಂಗದವರು ಕನ್ನಡಕ್ಕೆ ಡಬ್ಬಿಂಗ್ ಬರಲು ಬಿಡಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಅಂದರೆ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸಂಸ್ಥೆ, ಹಾಗೆ ತಡೆಯುವುದು ಸರಿಯಲ್ಲ ಅಂದಿತು. ಆಮೇಲೆ ಒಂದೊಂದೇ ಸಿನಿಮಾ ಬರತೊಡಗಿತು. ಬೇರೆ ಭಾಷೆಯ ಕತೆಯನ್ನು ನನ್ನ ಮಕ್ಕಳು ಕನ್ನಡದಲ್ಲೇ ಕೇಳಲಿ ಅನ್ನುವುದು ನನ್ನ ಆಸೆ. ಆದರೆ ಬರುವ ಕನ್ನಡ ಕನ್ನಡವಾಗಿರಬೇಕಲ್ವಾ?

ಡಬ್ಬಿಂಗಿಗೆ ಮಾತು ಬರೆಯುವುದು ಕಷ್ಟದ ಕೆಲಸ, ಅದು ನನಗೆ ಗೊತ್ತು. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ಪರದೆ ಮೇಲೆ ತುಟಿ ತೆರೆದಿರುವಾಗ "ಬೇಡ" ಅಂತ ಕೇಳಿಸಿದರೆ ಮಾತು ಬೇರೆ, ಬಾಯಿ ಬೇರೆ ಆಗುತ್ತದೆ. ಅದಕ್ಕೇ ಬರೆಯುವವರು ಮೂಲದ ಪದದ ಸದ್ದಿಗೆ ಹತ್ತಿರದ ಪದ ಹುಡುಕುತ್ತಾರೆ. ಅವಸರಂ ಇದ್ದ ಕಡೆ ಅವಸರ ಕೂತದ್ದು ಹೀಗೇ ಇರಬೇಕು ಅಂದುಕೊಂಡೆ. ಆದರೆ ಮೂರನೆಯ ಸಲ ನೋಡುವಾಗ ಒಂದು ಕಣ್ಣಿಗೆ ಬಿತ್ತು. ಅಪ್ಪನ ಮುಖ ಗೋಡೆ ಕಡೆ ಇದೆ. ಅವನ ತುಟಿ ಕಾಣುವುದೇ ಇಲ್ಲ! ಅಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. "ನಿನ್ನ ದುಡ್ಡು ನನಗೆ ಬೇಡ ಕಣೋ" ಅಂದಿದ್ದರೆ ಸಾಕಿತ್ತು. ಬೇಡ ಅನ್ನುವುದು ಎರಡೇ ಅಕ್ಷರ. ಆ ಎರಡು ಅಕ್ಷರ ಹಾಕದೆ ಒಬ್ಬ ಒಳ್ಳೆಯ ನಟನ ಅಷ್ಟು ಚೆನ್ನಾದ ಅಭಿನಯವನ್ನು ಹಾಳು ಮಾಡಿದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ.

ನಿಜವಾಗಿ ಹೇಳಬೇಕಾದದ್ದು ಆಮೇಲಿನ ಮಾತು.

ಟಿವಿ ಆರಿಸಿದ ಮೇಲೆ ಅತ್ತೆ ಮತ್ತೆ ಕಾಳು ಹಿದುಕತೊಡಗಿದರು. ಅವರದು ನಿಧಾನದ ಕೈ. ಅವರು ಒಂದು ಕಾಳು ಹಿದುಕುವಷ್ಟರಲ್ಲಿ ನಾವು ನಾಲ್ಕು ಮುಗಿಸಿರುತ್ತೇವೆ. ಊಟವೂ ನಿಧಾನ, ನಡಿಗೆಯೂ ನಿಧಾನ. ಆದರೆ ನಮ್ಮ ಮನೆ ಕಡೆಯವರೆಲ್ಲ ಅವರನ್ನು ಕರೆಯುವುದು "ಅವಸರದ ಸೊಸೆ" ಅಂತ. ನಾನು ಮದುವೆಯಾಗಿ ಬಂದ ವಾರವೇ ಮಾವನ ಅಕ್ಕ ನನಗೆ ಹೇಳಿದ್ದರು, "ನಿಮ್ಮತ್ತೆ ಅವಸರದ ಸೊಸೆ ಕಣಮ್ಮ, ನೀನು ಹಂಗಾಗಬೇಡ." ಇಂಥ ನಿಧಾನಿಗೆ ಈ ಹೆಸರು ಯಾಕೆ ಬಂತೋ ಅಂತ ಹದಿನಾರು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ವಯಸ್ಸಿನಲ್ಲಿ ಚುರುಕಾಗಿದ್ದರೇನೋ ಅಂತ ಸುಮ್ಮನಾಗಿದ್ದೆ. ಕೇಳಿರಲಿಲ್ಲ.

"ನನಗೂ ಇದೇ ಆಯ್ತು" ಅಂದರು ಅತ್ತೆ.

ಮದುವೆಯಾಗಿ ತಿಂಗಳಾಗಿತ್ತಂತೆ. ತವರಿನಿಂದ ತಂದ ನಾಲ್ಕು ಸೀರೆಯಲ್ಲಿ ಎರಡು ಹರಿದಿದ್ದವು. ಯುಗಾದಿ ಹತ್ತಿರ ಬಂತು. ಅವರ ಅತ್ತೆ ಎಲ್ಲರ ಎದುರು ಕೇಳಿದರಂತೆ, "ನಿನಗೇನಮ್ಮ ಬೇಕು?" ಬೇಕು ಅನ್ನುವ ಪದ ಇವರಿಗೆ ಅರ್ಥವಾಯಿತು, ಆ ಗಾಬರಿಯಲ್ಲಿ ಬಾಯಿಗೆ ಬರಲಿಲ್ಲ. ತಮಗೆ ಗೊತ್ತಿದ್ದದ್ದನ್ನೇ ಕನ್ನಡದ ಹಾಗೆ ಮಾಡಿ ಹೇಳಿದರು. "ನನಗೆ ಎರಡು ಸೀರೆ ಅವಸರ."

ಎರಡು ಸೀರೆ ಬೇಕು ಅಂತ ಅವರು ಹೇಳಿದ್ದು. ಬಂದು ತಿಂಗಳಾಗಿದೆ ಅಷ್ಟೇ, ಆಗಲೇ ಸೀರೆಗೆ ಅವಸರ ಮಾಡುತ್ತಾಳೆ ಅಂತ ಮನೆಯವರು ಕೇಳಿಸಿಕೊಂಡದ್ದು. ಮನೆ ತುಂಬ ನಗು. ಅವತ್ತೇ ಹೆಸರು ಬಿತ್ತು.

"ಎಲ್ಲರೂ ನಗ್ತಿದ್ರು. ನಾನೂ ನಕ್ಕೆ. ಸೀರೆ ಕೊಡಿಸ್ತಾರೆ ಅಂತ ಖುಷಿಗೆ ನಗ್ತಿದ್ದಾರೆ ಅಂದ್ಕೊಂಡೆ."

ಈ ಮಾತನ್ನು ಅವರು ಬೇಜಾರಿಲ್ಲದೆ ಹೇಳಿದರು. ಕೇಳಿದ ನಮಗೆ ಮಾತು ಹೊರಡಲಿಲ್ಲ. ನನ್ನ ಗಂಡನಿಗೂ ಈ ವಿಷಯ ಗೊತ್ತಿರಲಿಲ್ಲ. ಅವರು ಹುಟ್ಟುವ ಮೊದಲಿನಿಂದ ಇದ್ದ ಹೆಸರು ಅದು. ನನ್ನ ಮಗಳು ಅಜ್ಜಿಯ ಪಕ್ಕಕ್ಕೆ ಹೋಗಿ ಕೂತಳು.

"ಮತ್ತೆ ನೀವು ಹೇಳಲಿಲ್ವಾ ಅತ್ತೆ? ಹಂಗಲ್ಲ, ನಾನು ಹೇಳಿದ್ದು ಹಿಂಗೆ ಅಂತ?"

"ಹೇಳೋಕೆ ಮಾತು ಬರಬೇಕಲ್ಲಮ್ಮ. ಮಾತು ಬರೋ ಹೊತ್ತಿಗೆ ಹೆಸರು ಹಳೇದಾಗಿತ್ತು."

ನಾನು ತಿಪಟೂರಿನವಳು. ಹುಟ್ಟಿದಾಗಿನಿಂದ ಒಂದೇ ಭಾಷೆಯಲ್ಲಿ ಬೆಳೆದವಳು. ಯಾರಾದರೂ ತಪ್ಪು ಕನ್ನಡ ಆಡಿದರೆ ನಗುವುದು ನನಗೆ ಎಂದೂ ತಪ್ಪು ಅನ್ನಿಸಿರಲಿಲ್ಲ. ಅತ್ತೆಯ ಮಾತಿಗೂ ಎಷ್ಟೋ ಸಲ ನಕ್ಕಿದ್ದೇನೆ. "ತೊಂದರೆ ತೊಂದರೆಯಾಗಿ ಬಾ" ಅಂತ ಅವರು ಒಮ್ಮೆ ಫೋನಿನಲ್ಲಿ ಹೇಳಿದಾಗ ಏನೋ ಅನಾಹುತವಾಗಿದೆ ಅಂತ ಓಡಿ ಬಂದಿದ್ದೆ. ಬಂದು ನೋಡಿದರೆ ಬಿಸಿ ಹೋಳಿಗೆ ಆರುತ್ತಿತ್ತು. ತೆಲುಗಿನಲ್ಲಿ ತೊಂದರ ಅಂದರೆ ಬೇಗ. ನಮ್ಮ ಅವಸರಕ್ಕೆ ಅವರ ಪದ "ತೊಂದರ", ಅವರ ಅವಸರಕ್ಕೆ ನಮ್ಮ ಪದ "ಬೇಕು". ಅಕ್ಕಪಕ್ಕದ ಮನೆಯವರು ಪಾತ್ರೆ ಬದಲಾಯಿಸಿಕೊಂಡ ಹಾಗೆ ಆಗಿದೆ ಈ ಪದಗಳ ಕತೆ.

ನನ್ನ ಗಂಡ ಆಗ ಇನ್ನೊಂದು ನೆನಪು ಮಾಡಿಕೊಂಡರು. ಅವರಿಗೆ ಏಳೆಂಟು ವರ್ಷ ಇದ್ದಾಗ ಪಾವಗಡಕ್ಕೆ ಹೋಗಿದ್ದರಂತೆ. ಶಾಲೆಯಲ್ಲಿ ಹೊಸದಾಗಿ ಕಂಪು ಅನ್ನುವ ಪದ ಕಲಿತಿದ್ದರು. ದೊಡ್ಡಮ್ಮ ಮುಡಿದ ಮಲ್ಲಿಗೆ ನೋಡಿ, "ದೊಡ್ಡಮ್ಮ, ನಿನ್ನ ಹೂವು ಎಷ್ಟು ಕಂಪು!" ಅಂದರು. ದೊಡ್ಡಮ್ಮ ಹೂವು ತೆಗೆದು, ಮೂಸಿ ನೋಡಿ, ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದರಂತೆ. ತೆಲುಗಿನಲ್ಲಿ ಕಂಪು ಅಂದರೆ ನಾತ. ಆದರೆ ಅಲ್ಲಿ ಅತ್ತೆ ಇದ್ದರು. ಎರಡೂ ಭಾಷೆ ಗೊತ್ತಿದ್ದವರು ಅವರೊಬ್ಬರೇ. ಓಡಿ ಹೋಗಿ ಅಕ್ಕನಿಗೆ ಅರ್ಥ ಹೇಳಿ, ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು, ಹೂವನ್ನು ತಾವೇ ಮತ್ತೆ ಮುಡಿಸಿದರಂತೆ.

ಹುಡುಗನ ಒಂದು ಪದವನ್ನು ಅವರು ಐದು ನಿಮಿಷದಲ್ಲಿ ಸರಿ ಮಾಡಿದರು. ಅವರ ಒಂದು ಪದವನ್ನು ಸರಿ ಮಾಡಲು ಗುಬ್ಬಿಯ ಮನೆಯಲ್ಲಿ ಯಾರೂ ಇರಲಿಲ್ಲ.

ಹಾಗೆ ನೋಡಿದರೆ ಗುಬ್ಬಿ ಸಿನಿಮಾಕ್ಕೆ ಹೊಸ ಊರಲ್ಲ. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ ಬೇಡರ ಕಣ್ಣಪ್ಪ, 1954ರದ್ದು. ಅದರ ಹಿಂದೆ ಇದ್ದವರು ಗುಬ್ಬಿ ವೀರಣ್ಣನವರು. ಅದೇ ವರ್ಷ ಅದೇ ಕತೆ ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯಂ ಅಂತ ಬಂತು, ಅಲ್ಲೂ ಕಣ್ಣಪ್ಪ ರಾಜ್‌ಕುಮಾರೇ. ಅತ್ತೆ ಚಿಕ್ಕವರಿದ್ದಾಗ ಶಿವರಾತ್ರಿಗೆ ಟೆಂಟಿನಲ್ಲಿ ನೋಡಿದ್ದು ಆ ತೆಲುಗಿನದು. ಮದುವೆಯಾಗಿ ಬಂದ ಹೊಸತರಲ್ಲಿ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ರಾಜ್‌ಕುಮಾರ್ ಫೋಟೋ ನೋಡಿ, ನಮ್ಮ ಕಣ್ಣಪ್ಪ ಇಲ್ಲೂ ಇದ್ದಾನೆ ಅಂತ ಧೈರ್ಯ ಬಂತಂತೆ. ಆ ಮನೆಯಲ್ಲಿ ಅವರಿಗೆ ಗುರುತಿದ್ದ ಮುಖ ಅದೊಂದೇ.

ಸೋಮವಾರ ನಾನು ಮಾವನ ಅಕ್ಕನಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಂಬತ್ತರ ಹತ್ತಿರ. ಅವರ ಮಾತು ಮೊದಲಿನಿಂದಲೂ ಸ್ವಲ್ಪ ಹರಿತ, ನನಗೂ ಅವರಿಗೂ ಅಷ್ಟಕ್ಕಷ್ಟೇ. ಮನಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ. ವಿಷಯ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ.

"ಹಂಗಾ?" ಅಂದರು. ಆಮೇಲೆ ಅಂದರು, "ಆ ಸೀರೆ ಯುಗಾದಿಗೆ ಕೊಡಿಸಲಿಲ್ಲ ಕಣಮ್ಮ. ಅವಸರ ಕಲೀಬಾರದು ಅಂತ ನಮ್ಮಮ್ಮ ದೀಪಾವಳಿವರೆಗೂ ತಡೆದ್ರು. ಅವಳು ಎರಡೇ ಸೀರೆ ಒಗೆದು ಒಗೆದು ಉಡ್ತಿದ್ಲು. ನಾನು ನೋಡ್ತಿದ್ದೆ."

ಜೋಡಿಸಿಕೊಂಡಿದ್ದ ಮಾತು ಒಂದೂ ಆಡಲಾಗಲಿಲ್ಲ. ಅವರು ಅಳುತ್ತಿದ್ದರು ಅಂತ ನನಗೆ ಅನ್ನಿಸಿತು. ಅತ್ತೆಗೆ ಫೋನ್ ಕೊಡಲಾ ಅಂತ ಕೇಳಿದೆ. "ಬೇಡ, ನಾನೇ ಬರ್ತೀನಿ" ಅಂದರು. ಮೊಮ್ಮಗ ಬರುವ ಭಾನುವಾರ ಕರೆದುಕೊಂಡು ಬರುತ್ತಾನಂತೆ. ಅತ್ತೆಗೆ ನಾನು ಇದನ್ನು ಇನ್ನೂ ಹೇಳಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಮುದ್ದೆ, ಫ್ರಿಜ್ಜಿನಲ್ಲಿಟ್ಟ ಹಿದುಕಿದ ಬೇಳೆಯ ಸಾರು. ಸಾರಿಗೆ ಸೊಗಡು ಚೆನ್ನಾಗಿ ಬಿಟ್ಟಿತ್ತು. ನಾವಿಬ್ಬರೇ ಇದ್ದೆವು. ಅತ್ತೆಯ ತಟ್ಟೆಯಲ್ಲಿ ಮುದ್ದೆ ಇನ್ನೂ ಅರ್ಧ ಇತ್ತು, ಸಾರು ಖಾಲಿಯಾಗಿತ್ತು.

"ಇನ್ನೊಂದು ಸೌಟು ಬಿಡಲಾ ಅತ್ತೆ?"

"ಅವಸರ ಇಲ್ಲಮ್ಮ."

ಸೌಟು ಕೈಯಲ್ಲಿ ಹಿಡಿದು ನಿಂತೆ. ಇಷ್ಟು ವರ್ಷ ಈ ಮಾತು ಕೇಳಿದಾಗಲೆಲ್ಲ ಸರಿ, ಆಮೇಲೆ ಹಾಕೋಣ ಅಂತ ಒಲೆ ಕಡೆ ತಿರುಗಿದ್ದೇನೆ. ಅದರಲ್ಲಿ ಎಷ್ಟು ಸಲ ಬೇಡ ಅಂದಿದ್ದರೋ, ಎಷ್ಟು ಸಲ ತಡಿ ಅಂದಿದ್ದರೋ.

"ಯಾವ ಅವಸರ ಅತ್ತೆ? ಪಾವಗಡದ್ದಾ, ಗುಬ್ಬಿದಾ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ತಟ್ಟೆಯನ್ನು ನನ್ನ ಕಡೆ ಸ್ವಲ್ಪ ಸರಿಸಿದರು.

"ಬಿಡಮ್ಮ" ಅಂದರು. "ಮೆಲ್ಲಗೆ ಬಿಡು."