ಕುರಿ ಮೇಯುವ ಬಯಲು, ಲಾಳಿ ಓಡುವ ಊರು

ಚಿತ್ರದುರ್ಗಕ್ಕೆ ಬಂದವರು ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿ ನೋಡುತ್ತಾರೆ, ಸಂಜೆ ಬಸ್ಸು ಹಿಡಿಯುತ್ತಾರೆ. ಕೋಟೆಯಿಂದ ಪೂರ್ವಕ್ಕೆ ಹರಡಿರುವ ಬಯಲಿನ ಕಡೆ ಹೋಗುವವರು ಕಡಿಮೆ. ಈ ಸಲ ನಾನು, ನನ್ನ ತಂಗಿ ಆ ಕಡೆಗೇ ಹೊರಟೆವು. ಕಂಬಳಿ ನೇಯುವವರನ್ನೂ ರೇಷ್ಮೆ ಸೀರೆ ನೇಯುವವರನ್ನೂ ಒಂದೇ ದಾರಿಯಲ್ಲಿ ನೋಡಬೇಕು ಅನ್ನುವ ಆಸೆ ಇಬ್ಬರಿಗೂ ಇತ್ತು.

ದುರ್ಗದಿಂದ ಚಳ್ಳಕೆರೆಗೆ ಸುಮಾರು 30 ಕಿಲೋಮೀಟರ್. ಗುಡ್ಡಗಳ ಮೇಲೆ ಗಾಳಿಯಂತ್ರಗಳು, ಕೆಳಗೆ ಶೇಂಗಾ ಹೊಲ, ಜಾಲಿ, ಹುಣಸೆ, ಬಂಡೆ. ರಾಜ್ಯದಲ್ಲೇ ತುಂಬಾ ಕಡಿಮೆ ಮಳೆ ಬೀಳುವ ಸೀಮೆ ಇದು. ಬೆಳೆ ಕೈಕೊಟ್ಟ ವರ್ಷ ಕುರಿ ಕೈಹಿಡಿಯುತ್ತದೆ. ಆ ಕುರಿಯ ಮೈಯಿಂದಲೇ ಇಲ್ಲಿನ ಕಂಬಳಿ ಹುಟ್ಟುವುದು.

ಚಳ್ಳಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ, ಪರಿಚಯದವರ ಮೂಲಕ ಒಂದು ಮನೆಗೆ ಹೋದೆವು. ಪಡಸಾಲೆಯಲ್ಲಿ ಗುಂಡಿ ಮಗ್ಗ. ಕಾಲು ಗುಂಡಿಯೊಳಗೆ ಇಳಿಬಿಟ್ಟು ಅಜ್ಜ ನೇಯುತ್ತಿದ್ದರು. ಅಜ್ಜಿ ಗೋಡೆಗೆ ಒರಗಿ ಉಣ್ಣೆ ಬಿಡಿಸುತ್ತಿದ್ದರು. 'ಬರ್ರಮ್ಮ, ಕೂತ್ಕಳ್ಳಿ' ಅಂದು ಒಂದು ಕಂಬಳಿ ಹಾಸಿದರು. ನಾನು ಅಜ್ಜಿಯ ಕೈಯನ್ನೇ ನೋಡುತ್ತಾ ಕೂತೆ. ಉಣ್ಣೆಯೊಳಗೆ ಸಿಕ್ಕಿದ್ದ ಮುಳ್ಳು, ಹುಲ್ಲಿನ ಬೀಜ, ಒಣಗಿದ ಕಡ್ಡಿ ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದರು. ಮುಳ್ಳು ನೋಡಿದರೆ ಕುರಿ ಎಲ್ಲಿ ಮೇದು ಬಂದಿದೆ ಅಂತ ಗೊತ್ತಾಗುತ್ತದಂತೆ. ಹೊಲದ ಬದುವಿನದ್ದು ಬೇರೆ, ಗುಡ್ಡದ್ದು ಬೇರೆ, ಕಾವಲಿನದ್ದು ಅಂದರೆ ಹುಲ್ಲುಗಾವಲಿನದ್ದು ಬೇರೆ. ಆ ಪುಟ್ಟ ಕಸದ ರಾಶಿಯಲ್ಲಿ ಇಡೀ ಬಯಲು ಇತ್ತು.

ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಉಣ್ಣೆ ಮೆತ್ತಗೆ, ಅಪ್ಪಟ ಕಪ್ಪು. ವಯಸ್ಸಾಗುತ್ತಾ, ಬಿಸಿಲು ತಿನ್ನುತ್ತಾ ಅದು ಕಂದಾಗುತ್ತದೆ. ಹಾಗಾಗಿ ಬಣ್ಣ ಹಾಕುವ ಗೊಡವೆ ಇಲ್ಲ. ಕಪ್ಪು, ಕಂದು, ಬಿಳಿ, ಈ ಮೂರರಲ್ಲೇ ಅಂಚಿನ ಪಟ್ಟೆ ಮೂಡಬೇಕು. ಉಣ್ಣೆ ಹಿಂಜಿ, ರಾಟೆಯಲ್ಲಿ ನೂತು, ಹಾಸು ಅಂದರೆ ಉದ್ದದ ಎಳೆಗಳನ್ನು ಹೂಡಿದ ಮೇಲೆ ಹುಣಸೆ ಬೀಜದ ಸರಿ ಹಚ್ಚುತ್ತಾರೆ. ಬೀಜ ಅರೆದು ಕುದಿಸಿದ ಗಂಜಿ ಅದು. ಬೀದಿಯಲ್ಲಿ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ, ದೊಡ್ಡ ಕುಂಚದಿಂದ ತಿಕ್ಕಿ, ಬಿಸಿಲಿಗೆ ಬಿಡುತ್ತಾರೆ. ಆಗಲೇ ಎಳೆ ಗಟ್ಟಿಯಾಗುವುದು. ಮರ ಇಲ್ಲಿಯದೇ, ಬಿಸಿಲೂ ಇಲ್ಲಿಯದೇ. ಹೊರಗಿನಿಂದ ತರಬೇಕಾದ್ದು ಏನೂ ಇಲ್ಲ ಅಲ್ವಾ ಅಂತ ತಂಗಿ ಬೆರಗಾದಳು.

ಕಷ್ಟ ಬೇರೆ ಕಡೆ ಇದೆ. ಪಾಣಿಪತ್ತಿನ ಅಗ್ಗದ ಬ್ಲಾಂಕೆಟ್ಟು ಸಂತೆಯಲ್ಲಿ ಸಿಗುತ್ತದೆ. ಉಣ್ಣೆಗೆ ಬೆಲೆ ಇಲ್ಲದ್ದರಿಂದ ಮಾಂಸಕ್ಕೆಂದೇ ಉಣ್ಣೆ ಬಾರದ ಕೆಂಪು ಕುರಿ ಸಾಕುವವರು ಹೆಚ್ಚಿದ್ದಾರೆ. ಮೇವಿನ ಜಾಗವೂ ಕುಗ್ಗಿದೆ. ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳು ಒಂದು ಕಾಲದಲ್ಲಿ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಅಲ್ಲಿ ಸುಮಾರು 10 ಸಾವಿರ ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇರುವುದೂ ಅಲ್ಲೇ. ಸಂಶೋಧನೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಹುಲ್ಲುಗಾವಲನ್ನು ಖಾಲಿ ಜಾಗ ಅಂತ ಕರೆಯುವುದು ತಪ್ಪು. ಅಲ್ಲಿ ಕುರಿ ಮೇಯುತ್ತಿತ್ತು, ಆ ಕುರಿಯಿಂದ ಈ ಪಡಸಾಲೆಯ ಮಗ್ಗ ನಡೆಯುತ್ತಿತ್ತು. ಅಜ್ಜ ಈ ಬಗ್ಗೆ ಜಾಸ್ತಿ ಮಾತಾಡಲಿಲ್ಲ. 'ಮೊದ್ಲು ಈ ಬೀದಿ ತುಂಬಾ ಮಗ್ಗದ ಸದ್ದು ಇತ್ತಮ್ಮ' ಅಂದರು ಅಷ್ಟೇ.

ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳ ದರ್ಶನ ಮಾಡಿದೆವು. ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಅವರು. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವ ಅವರ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕಂಬಳಿ ಮನೆಯಿಂದ ನೇರ ಬಂದಿದ್ದರಿಂದಲೋ ಏನೋ, ಅದು ನನಗೆ ದುಡಿದಷ್ಟಕ್ಕೆ ತಕ್ಕ ಕೂಲಿ ಕೊಡು ಅನ್ನುವ ಮಾತಾಗಿಯೇ ಕೇಳಿಸಿತು.

ಮರುದಿನ ಬೆಳಿಗ್ಗೆ ಬ್ರಹ್ಮಗಿರಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆತ ಮಾಡಿದ ಜಾಗ. ನಾವು ಹೋದದ್ದು ಅಶೋಕನ ಶಾಸನಕ್ಕಾಗಿ. ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ಮೂರು ಕಡೆ ಬಂಡೆಯ ಮೇಲೆ ಬರಹ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರ ಅನ್ನುವ ಒಂದು ಪದವನ್ನು ಮಾತ್ರ ಅವನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಒಬ್ಬ ಕಸುಬುದಾರ ತನ್ನ ಹೆಸರು ಹಾಕಿ ಎರಡು ಸಾವಿರ ವರ್ಷದ ಮೇಲಾಯಿತು. ಅದು ಇನ್ನೂ ಉಳಿದಿದೆ. ಆ ಬಂಡೆ ಮುಂದೆ ನಿಂತಾಗ ನನಗೆ ಅಶೋಕನಿಗಿಂತ ಚಪಡನೇ ಹತ್ತಿರದವನು ಅನಿಸಿದ.

ಮಧ್ಯಾಹ್ನ ಮೊಳಕಾಲ್ಮೂರು. ಆಂಧ್ರದ ಗಡಿ ಇಲ್ಲೇ, ಹಾಗಾಗಿ ಬೀದಿಯಲ್ಲಿ ತೆಲುಗೂ ಕೇಳಿಸುತ್ತದೆ. ಇಲ್ಲಿನ ಲೆಕ್ಕ ಕಂಬಳಿಗೆ ಪೂರಾ ಉಲ್ಟಾ. ರೇಷ್ಮೆ, ಜರಿ ಎಲ್ಲ ಹೊರಗಿನಿಂದ ಬರಬೇಕು. ಊರಿನದು ಅಂದರೆ ಕೈ, ಕಣ್ಣು, ವಿನ್ಯಾಸ. ಹೂವು, ಹಣ್ಣು, ಹಕ್ಕಿ, ಪ್ರಾಣಿ ಸೀರೆಯ ಮೇಲೆ ಬರುತ್ತವೆ. ಹೊರಗೆ ಕಣ್ಣಿಗೆ ಬೀಳುವುದು ಬಂಡೆ, ಬಿಸಿಲು. ಒಳಗೆ ಮಗ್ಗದ ಮೇಲೆ ಮಾವಿನಕಾಯಿ, ನವಿಲು. ಅಡ್ಡ ಎಳೆಯನ್ನು ಒಯ್ಯುವುದು ಲಾಳಿ. ಬೇರೆ ಬಣ್ಣದ ಅಂಚು ಬೇಕಾದರೆ ಮೂರು ಲಾಳಿ ಬೇಕು, ಒಡಲಿಗೆ ಒಂದು, ಎರಡು ಅಂಚಿಗೆ ಎರಡು. ನಾವು ನೋಡಿದ ಮಗ್ಗದಲ್ಲಿ ಗಂಡ ನೇಯುತ್ತಿದ್ದರು, ಆ ಬದಿಯಲ್ಲಿ ಹೆಂಡತಿ ಅಂಚಿನ ಲಾಳಿ ದಾಟಿಸುತ್ತಿದ್ದರು. ಇಬ್ಬರ ನಡುವೆ ಮಾತೇ ಇಲ್ಲ, ಲಾಳಿ ಮಾತ್ರ ತಪ್ಪದೆ ಹೋಗಿ ಬರುತ್ತಿತ್ತು. ನೋಡುತ್ತಾ ಕೂತವರಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ. ಊರಿನ ಹೆಸರು ಉಳಿಯಿತು, ಸಂತೋಷ. ಆದರೆ ನಾವು ನೋಡಿದ ಸೀರೆಗಳಲ್ಲಿ ನೇಯ್ದವರ ಹೆಸರು ಎಲ್ಲೂ ಇರಲಿಲ್ಲ. ಮಡಿಕೆಯೊಳಗೆ ಇಡುವ ಒಂದು ಸಣ್ಣ ಚೀಟಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅದಕ್ಕೆ ಖರ್ಚೇನೂ ಇಲ್ಲ.

ನೀವು ಹೋಗುವುದಾದರೆ ಅಂಗಡಿಗೆ ಹೋಗುವ ಮೊದಲು ಮಗ್ಗದ ಮನೆ ನೋಡಿ. ಸೀರೆ ಕೊಳ್ಳುವಾಗ ತಿರುಗಿಸಿ, ಒಡಲು ಮತ್ತು ಅಂಚು ಸೇರುವ ಕಡೆ ಬೆರಳಾಡಿಸಿ. ಲಾಳಿಗಳ ಎಳೆ ಒಂದಕ್ಕೊಂದು ಸಿಕ್ಕಿಕೊಂಡಿರುವುದು ಕೈಗೆ ತಿಳಿಯುತ್ತದೆ. ಕಂಬಳಿ ಕೊಳ್ಳುವಾಗ ಅದು ಚುಚ್ಚುತ್ತದೆ ಅಂತ ಬಿಡಬೇಡಿ, ಬಳಸುತ್ತಾ ಮೆತ್ತಗಾಗುತ್ತದೆ. ಚೌಕಾಸಿ ಮಾಡುವ ಮುಂಚೆ ಎಷ್ಟು ದಿನ ನೇಯ್ದಿರಿ ಅಂತ ಕೇಳಿ. ನೇಯ್ದವರ ಹೆಸರನ್ನೂ ಕೇಳಿಕೊಂಡು ಬನ್ನಿ.