ಜನವರಿ 1ರ ಜಾತ್ರೆ: 2026ರ ಟಿವಿ ಕ್ಯಾಲೆಂಡರ್ ಯೋಜನೆ ಎಲ್ಲಿಗೆ ಬಂತು

2026ರಲ್ಲಿ ಬರಲಿರುವ ಹೊಸ ಸರಣಿಗಳನ್ನೂ, ಹೊಸ ಸೀಸನ್ನಿನೊಂದಿಗೆ ಮರಳಲಿರುವ ಹಳೆಯ ಸರಣಿಗಳನ್ನೂ ಒಂದೇ ಕಡೆ, ಭಾರತದ ಸಮಯದಲ್ಲಿ ತೋರಿಸುವ ಕ್ಯಾಲೆಂಡರ್ 2025ರ ಡಿಸೆಂಬರ್ ಮುಗಿಯುವ ಹೊತ್ತಿಗೆ ಕೊನೆಗೂ ನಂಬಬಹುದಾದ ಸ್ಥಿತಿಗೆ ಬಂದಿದೆ. ದತ್ತಾಂಶ ಮೂಲದಿಂದ ಮಾಹಿತಿ ತರಲು ಬೇಕಾದ ಎಪಿಐ ಕೀ ಪಡೆಯುವುದು, ಪೈಥಾನ್ ಸ್ಕ್ರಿಪ್ಟ್ ಬರೆಯುವುದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಅದನ್ನು ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್ ಹಚ್ಚುವುದು, ಐಸಿಎಸ್ ಎಂಬ ಕ್ಯಾಲೆಂಡರ್ ಫೈಲನ್ನು ಫೋನಿನಲ್ಲಿ ಸಬ್‌ಸ್ಕ್ರೈಬ್ ಮಾಡಿಕೊಳ್ಳುವುದು ಇವೆಲ್ಲ ಈ ಹವ್ಯಾಸದವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಬಿಟ್ಟುಬಿಡುತ್ತೇನೆ. ಈ ಸಲ ಬರೆಯಬೇಕಾದದ್ದು ತಲೆ ತಿಂದ ಒಂದೇ ಒಂದು ಸಮಸ್ಯೆಯ ಬಗ್ಗೆ. ದಿನಾಂಕವೇ ಘೋಷಣೆಯಾಗದ ಕಾರ್ಯಕ್ರಮವನ್ನು, ದಿನಾಂಕ ಕೊಡದಿದ್ದರೆ ಏನನ್ನೂ ಸ್ವೀಕರಿಸದ ಕ್ಯಾಲೆಂಡರಿನೊಳಗೆ ಕೂರಿಸುವುದು ಹೇಗೆ?

ಮೊದಲ ಆವೃತ್ತಿಯನ್ನು ಫೋನಿನಲ್ಲಿ ತೆರೆದಾಗ ಜನವರಿ 1ರ ಚೌಕದಲ್ಲಿ ಜಾತ್ರೆಯೇ ನೆರೆದಿತ್ತು. ಚಿತ್ರೀಕರಣ ಮುಗಿಯದ ಸರಣಿಗಳು, ಬರೀ ಹೆಸರು ಮಾತ್ರ ಪ್ರಕಟವಾಗಿರುವ ಸರಣಿಗಳು, ‘ಮುಂದಿನ ವರ್ಷ ಬರುತ್ತದೆ’ ಎಂಬ ಒಂದು ಸಾಲಿನ ಭರವಸೆಯ ಮೇಲೆ ಬದುಕಿರುವ ಸೀಸನ್ನುಗಳು ಎಲ್ಲವೂ ಹೊಸ ವರ್ಷದ ಮೊದಲ ದಿನವೇ ಪ್ರಸಾರವಾಗಲು ಸಾಲುಗಟ್ಟಿ ನಿಂತಿದ್ದವು. ಕಾರಣವೇನೂ ನಿಗೂಢವಲ್ಲ. ‘2026ರಲ್ಲಿ’ ಎಂದಷ್ಟೇ ಪ್ರಕಟಣೆ ಬಂದಾಗ, ಉಚಿತ ದತ್ತಾಂಶ ಮೂಲಗಳಿಗೆ ಮಾಹಿತಿ ತುಂಬುವ ಸ್ವಯಂಸೇವಕರ ಮುಂದಿರುವ ನಮೂನೆಯು ವರ್ಷ, ತಿಂಗಳು, ದಿನ ಮೂರನ್ನೂ ಕೇಳುತ್ತದೆ. ಗೊತ್ತಿರುವುದು ವರ್ಷ ಮಾತ್ರವಾದ್ದರಿಂದ ಅವರು ಉಳಿದ ಎರಡು ಕಡೆಯೂ 1 ತುಂಬಿ ಮುಂದೆ ಹೋಗುತ್ತಾರೆ. ತಿಂಗಳು ಗೊತ್ತಿದ್ದರೆ ಆ ತಿಂಗಳ ಮೊದಲ ತಾರೀಖು. ಇನ್ನು ಕೆಲವರು ಡಿಸೆಂಬರ್ 31 ಹಾಕುವ ಆಶಾವಾದಿಗಳು. ಸ್ಕ್ರಿಪ್ಟಿನ ಕಣ್ಣಿಗೆ ಮಾತ್ರ ಇವೆಲ್ಲ ಖಚಿತ ದಿನಾಂಕಗಳೇ.

ಹಾಗಿದ್ದರೆ ಜನವರಿ 1 ಎಂದಿರುವುದನ್ನೆಲ್ಲ ಅಳಿಸಿಬಿಡಬಹುದಲ್ಲ ಎನ್ನಿಸುವುದು ಸಹಜ. ಈ ವರ್ಷ ಅದಕ್ಕೂ ಅವಕಾಶವಿಲ್ಲ. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಕೊನೆಯ ಕಂತು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಡಿಸೆಂಬರ್ 31ರ ಸಂಜೆ 5ಕ್ಕೆ ಬಿಡುಗಡೆಯಾಗುವುದರಿಂದ ನಮ್ಮಲ್ಲಿ ಅದು ಜನವರಿ 1ರ ಬೆಳಗ್ಗೆ 6.30. 2016ರಲ್ಲಿ ಬಂದು ಹೆಚ್ಚುಕಡಿಮೆ ಹತ್ತು ವರ್ಷ ಸುಮ್ಮನಿದ್ದ ‘ದ ನೈಟ್ ಮ್ಯಾನೇಜರ್’ ತನ್ನ ಎರಡನೆಯ ಸೀಸನ್ನನ್ನು ಬಿಬಿಸಿಯಲ್ಲಿ ಆರಂಭಿಸುವುದೂ ಜನವರಿ 1ರ ರಾತ್ರಿಯೇ. ಬ್ರಿಟನ್ನಿನ ಹೊರಗೆ ಅದು ಪ್ರೈಮ್ ವಿಡಿಯೋದಲ್ಲಿ ಜನವರಿ 11ಕ್ಕೆ ಬರುತ್ತದೆ. ನೂರು ಸುಳ್ಳಿನ ನಡುವೆ ಎರಡು ಸತ್ಯ ಕೂತಿರುವಾಗ ಪೊರಕೆ ಹಿಡಿದು ಗುಡಿಸುವಂತಿಲ್ಲ.

ಬಿಡಿಸಿಕೊಂಡ ದಾರಿ ಹೀಗಿದೆ. ದಿನಾಂಕವನ್ನು ನೋಡುವುದನ್ನು ಬಿಟ್ಟು, ಅದರ ಬೆನ್ನಿಗಿರುವ ಪುರಾವೆಯನ್ನು ನೋಡುವಂತೆ ಸ್ಕ್ರಿಪ್ಟನ್ನು ಬದಲಿಸಿದೆ. ಸುಮ್ಮನೆ ತುಂಬಿದ ದಿನಾಂಕದ ಹಿಂದೆ ಸೀಸನ್ನಿನ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಜವಾದ ದಿನಾಂಕದ ಹಿಂದೆ ಕಂತುಗಳ ಪಟ್ಟಿ ಇರುತ್ತದೆ, ಎರಡನೆಯ ಕಂತಿಗೂ ತಾರೀಖು ಇರುತ್ತದೆ, ಪ್ರಸಾರದ ಗಂಟೆ ನಿಮಿಷಗಳಿರುತ್ತವೆ. ‘ನೈಟ್ ಮ್ಯಾನೇಜರ್’ ಎರಡನೆಯ ಕಂತಿಗೆ ಜನವರಿ 4 ಎಂದಿರುವುದರಿಂದಲೇ ಮೊದಲ ಕಂತಿನ ಜನವರಿ 1 ಉಳಿದುಕೊಂಡಿತು. ಟಿವಿಮೇಜ಼್ ಎಂಬ ಉಚಿತ ಮೂಲ ಕೊಡುವ ದತ್ತಾಂಶದಲ್ಲಿ ಕಂತಿಗೊಂದು ‘ಏರ್‌ಸ್ಟ್ಯಾಂಪ್’ ಇದ್ದು, ಅದರಲ್ಲಿ ದಿನಾಂಕ, ಸಮಯ, ಸಮಯವಲಯ ಮೂರೂ ಇರುವುದರಿಂದ ಈ ಪರೀಕ್ಷೆಗೆ ಬಹಳ ಅನುಕೂಲವಾಯಿತು. ಕಂತುಗಳೇ ಇಲ್ಲದ, ತಿಂಗಳ ಒಂದನೆಯ ತಾರೀಖಿನ ಯಾವುದೇ ದಾಖಲೆಯನ್ನು ಈಗ ದಿನಾಂಕವೆಂದು ಪರಿಗಣಿಸದೆ ಅವಧಿಯೆಂದು ಪರಿಗಣಿಸಲಾಗುತ್ತದೆ.

ಅವಧಿಯನ್ನು ಬರೆದಿಡುವ ವಿಷಯದಲ್ಲಿ, ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601ರ ಎರಡನೆಯ ಭಾಗ ಕೈಹಿಡಿಯಿತು. 2019ರಲ್ಲಿ ಬಂದ ಈ ಭಾಗದಲ್ಲಿ ತಿಂಗಳ ಜಾಗದಲ್ಲಿ 12ಕ್ಕಿಂತ ದೊಡ್ಡ ಸಂಖ್ಯೆಗಳನ್ನು ಬಳಸಿ ಋತುಗಳನ್ನೂ ತ್ರೈಮಾಸಿಕಗಳನ್ನೂ ಸೂಚಿಸುವ ವ್ಯವಸ್ಥೆಯಿದೆ: 26 ಎಂದರೆ ಉತ್ತರಾರ್ಧಗೋಳದ ಬೇಸಿಗೆ, 33ರಿಂದ 36ರವರೆಗೆ ನಾಲ್ಕು ತ್ರೈಮಾಸಿಕಗಳು, 40 ಮತ್ತು 41 ವರ್ಷದ ಎರಡು ಅರ್ಧಗಳು. ‘ಹೌಸ್ ಆಫ್ ದ ಡ್ರ್ಯಾಗನ್’ ಮೂರನೆಯ ಸೀಸನ್ ಬೇಸಿಗೆಗೆ ಎಂದು ಎಚ್‌ಬಿಒ ಹೇಳಿರುವುದರಿಂದ ಅದು ನನ್ನ ಕೋಷ್ಟಕದಲ್ಲಿ 2026ರ 26ನೆಯ ತಿಂಗಳಿನಲ್ಲಿದೆ, ಅಂದರೆ ಜೂನ್ 1ರಿಂದ ಆಗಸ್ಟ್ 31. ನಮ್ಮಲ್ಲಿ ಆಗ ಕೊಡೆ ಹಿಡಿದು ಓಡಾಡುವ ಕಾಲ. ಮನೆಯವರೊಬ್ಬರು ಆ ಪರದೆಯನ್ನು ನೋಡಿ, 26 ತಿಂಗಳ ವರ್ಷಕ್ಕೆ ಸಂಬಳ ಎಷ್ಟು ಸಲ ಬರುತ್ತದೆ ಎಂದು ವಿಚಾರಿಸಿದರು.

ಆದರೆ ಅವಧಿಯನ್ನು ಬರೆದಿಟ್ಟ ಮಾತ್ರಕ್ಕೆ ಕ್ಯಾಲೆಂಡರ್ ಅದನ್ನು ತೋರಿಸುವುದಿಲ್ಲ. ಐಸಿಎಸ್ ಫೈಲಿನ ವ್ಯಾಕರಣವಾದ ಆರ್‌ಎಫ್‌ಸಿ 5545ರ ಪ್ರಕಾರ ಪ್ರಕಟಿಸುವ ಪ್ರತಿ ಘಟನೆಗೂ ಆರಂಭದ ದಿನಾಂಕ ಬೇಕೇ ಬೇಕು. ಮೂರು ತಿಂಗಳ ಅವಧಿಯನ್ನು ಹಾಗೆಯೇ ಪೂರ್ಣದಿನದ ಘಟನೆಯಾಗಿ ಕೊಟ್ಟರೆ ಫೋನಿನ ಪರದೆಯ ಮೇಲ್ಭಾಗದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಪಟ್ಟಿ ಅಂಟಿಕೊಂಡು, ಅಂಥವು ಏಳೆಂಟು ಸೇರಿದ ಮೇಲೆ ದಂತವೈದ್ಯರ ಅಪಾಯಿಂಟ್‌ಮೆಂಟ್ ಎಲ್ಲಿದೆಯೆಂದೇ ಕಾಣುವುದಿಲ್ಲ. ‘ಟೆಂಟೇಟಿವ್’ ಎಂಬ ಸ್ಥಿತಿಸೂಚಕ ಇದೆಯಾದರೂ ಅದು ಬಣ್ಣ ತೆಳುವಾಗಿಸುವುದಕ್ಕಷ್ಟೇ ಉಪಯುಕ್ತ. ಮಾಡಬೇಕಾದ ಕೆಲಸಗಳ ಪಟ್ಟಿಯಾಗಿ ಕಳುಹಿಸಿದರೆ ನನ್ನ ಫೋನಿನ ಆ್ಯಪ್ ಅದನ್ನು ತಣ್ಣಗೆ ನುಂಗಿಹಾಕಿತು.

ಗಂಟು ಬಿಚ್ಚಿದ್ದು ವಿಂಗಡಣೆಯ ಒಂದು ಸಾಲನ್ನು ಬದಲಿಸಿದಾಗ. ಅಲ್ಲಿಯವರೆಗೆ ಅವಧಿಗಳನ್ನು ಅವುಗಳ ಆರಂಭದ ಪ್ರಕಾರ ಜೋಡಿಸುತ್ತಿದ್ದುದರಿಂದ, 2026 ಎಂದು ಮಾತ್ರ ಘೋಷಣೆಯಾಗಿರುವ ‘ಪಂಚಾಯತ್’ ಐದನೆಯ ಸೀಸನ್‌ನಂಥವು ಮತ್ತೆ ಮತ್ತೆ ಜನವರಿಯ ತಲೆಯ ಮೇಲೆ ಬಂದು ಕೂರುತ್ತಿದ್ದವು. ಅವಧಿ ಮುಗಿಯುವ ದಿನದ ಪ್ರಕಾರ ಜೋಡಿಸಿದ ಕೂಡಲೇ ಅವು ಡಿಸೆಂಬರ್ 31ಕ್ಕೆ, ಅಂದರೆ ಪಟ್ಟಿಯ ತಳಕ್ಕೆ ಇಳಿದವು. ಏಪ್ರಿಲ್ ತಿಂಗಳೆಂದು ತಿಳಿಸಿರುವ ‘ಯುಫೋರಿಯಾ’ ಮೇಲಕ್ಕೆ ಬಂತು. ಈಗ ಖಚಿತ ದಿನಾಂಕವಿರುವವು ಮಾತ್ರ ಕ್ಯಾಲೆಂಡರಿನಲ್ಲಿ ಬೇರೆ ಬೇರೆ ಘಟನೆಗಳಾಗಿ ಕಾಣುತ್ತವೆ. ಉಳಿದವೆಲ್ಲ ಪ್ರತಿ ತಿಂಗಳ ಮೊದಲ ಭಾನುವಾರ ಕಾಣಿಸಿಕೊಳ್ಳುವ ‘ಕಾಯುವ ಪಟ್ಟಿ’ ಎಂಬ ಒಂದೇ ಘಟನೆಯ ವಿವರಣೆಯೊಳಗೆ, ಮುಗಿಯುವ ದಿನದ ಕ್ರಮದಲ್ಲಿ ಇರುತ್ತವೆ. ದಿನಾಂಕ ಘೋಷಣೆಯಾದ ಸರಣಿ ಪಟ್ಟಿಯಿಂದ ಹೊರಬಂದು ತನ್ನದೇ ಯುಐಡಿ (ಘಟನೆಯ ಗುರುತು) ಪಡೆಯುತ್ತದೆ; ಆಮೇಲೆ ದಿನಾಂಕ ಬದಲಾದರೆ ಅದೇ ಯುಐಡಿಯ ‘ಸೀಕ್ವೆನ್ಸ್’ ಎಂಬ ಪರಿಷ್ಕರಣೆಯ ಸಂಖ್ಯೆ ಹೆಚ್ಚುವುದರಿಂದ ಹಳೆಯದು ಉಳಿದುಕೊಂಡು ಎರಡೆರಡು ಕಾಣುವ ತೊಂದರೆಯಿಲ್ಲ.

ಇದರ ಜೊತೆಗೆ ಹಳೆಯ ಅವಧಿಗಳನ್ನು ಅಳಿಸದೆ ಉಳಿಸಿಕೊಳ್ಳುತ್ತಿದ್ದೇನೆ. ಹೊಸ ಅವಧಿಯು ಹಳೆಯದರ ಒಳಗೇ ಬಂದರೆ ‘ನಿಖರವಾಯಿತು’ ಎಂದೂ, ಹಳೆಯದು ಮುಗಿದ ಮೇಲೆ ಆರಂಭವಾದರೆ ‘ಮುಂದೆ ಹೋಯಿತು’ ಎಂದೂ ಸೂಚನೆ ಬರುತ್ತದೆ. ‘ಲ್ಯಾಂಟರ್ನ್ಸ್’ ಮೊದಲು 2026ರ ಆರಂಭಕ್ಕೆ ಎಂದು ಪ್ರಕಟವಾಗಿ ಬಳಿಕ ಬೇಸಿಗೆಯ ಕೊನೆಗೆ ಸರಿದಿದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುತ್ತಿರಲಿಲ್ಲ.

ಸಮಯವಲಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ವಲಯದ ಹೆಸರನ್ನು ಇಟ್ಟುಕೊಂಡು ಜಾಗತಿಕ ಸಮಯಕ್ಕೂ ನಮಗೂ ಇರುವ ಐದೂವರೆ ಗಂಟೆಯ ಲೆಕ್ಕವನ್ನು ಕೈಯಿಂದ ಮಾಡದೆ ಇದ್ದರೆ ಅದು ತಾನಾಗಿ ಸರಿಹೋಗುತ್ತದೆ. ಒಂದು ಜೋಡಿಯನ್ನು ಮಾತ್ರ ತೋರಿಸುತ್ತೇನೆ. ನೆಟ್‌ಫ್ಲಿಕ್ಸ್ ತನ್ನ ಹೆಚ್ಚಿನ ಸರಣಿಗಳನ್ನು ಕ್ಯಾಲಿಫೋರ್ನಿಯಾದ ಮಧ್ಯರಾತ್ರಿಗೆ ಬಿಡುತ್ತದೆ. ಆ ಲೆಕ್ಕದಲ್ಲಿ ಜನವರಿ 29ರ ‘ಬ್ರಿಜರ್ಟನ್’ ನಾಲ್ಕನೆಯ ಸೀಸನ್ನಿನ ಮೊದಲ ಭಾಗ ನಮಗೆ ಮಧ್ಯಾಹ್ನ 1.30ಕ್ಕೆ ಸಿಗುತ್ತದೆ, ಮಾರ್ಚ್ 10ರ ‘ಒನ್ ಪೀಸ್’ ಎರಡನೆಯ ಸೀಸನ್ 12.30ಕ್ಕೆ ಸಿಗುತ್ತದೆ, ನಡುವೆ ಮಾರ್ಚ್ 8ರಂದು ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿಕೊಂಡಿರುತ್ತಾರೆ. ಬ್ರಿಟನ್ನಿನವರು ಅದೇ ಕೆಲಸವನ್ನು ಮಾರ್ಚ್ 29ರವರೆಗೆ ಮಾಡುವುದಿಲ್ಲ. ಆ ಮೂರು ವಾರ ಯಾರ ಬಾಯಿಲೆಕ್ಕವನ್ನೂ ನಂಬಬಾರದು.

ಘೋಷಣೆಯೇ ಇಲ್ಲದ ಸೀಸನ್ನುಗಳ ದಿನಾಂಕವನ್ನು ಹಿಂದಿನ ಅಂತರಗಳಿಂದ ಊಹಿಸುವ ಆಸೆಯೂ ಇತ್ತು. ಸರಾಸರಿ ಇಲ್ಲಿ ಬಹಳ ಕೆಟ್ಟ ಸಲಹೆಗಾರ. ‘ಸ್ಟ್ರೇಂಜರ್ ಥಿಂಗ್ಸ್’ ಸೀಸನ್ನುಗಳ ನಡುವಿನ ಅಂತರ ಸುಮಾರು 15, 20, 35, 42 ತಿಂಗಳು. ಮೊದಲ ಮೂರರ ಸರಾಸರಿ ಹಿಡಿದಿದ್ದರೆ ಐದನೆಯದು 2024ರ ಮೇ ಹೊತ್ತಿಗೆ ಬರಬೇಕಿತ್ತು. ನಡುವೆ 2023ರ ಬರಹಗಾರರ ಮತ್ತು ನಟರ ಮುಷ್ಕರಗಳೂ ಸೇರಿ, ಅದು ಬಂದದ್ದು 2025ರ ನವೆಂಬರಿನಲ್ಲಿ. ಇದಕ್ಕೆ ತದ್ವಿರುದ್ಧ ನಮ್ಮ ಬಿಗ್ ಬಾಸ್ ಕನ್ನಡ. ಕೋವಿಡ್ ಕಾಲದಲ್ಲಿ ಎಂಟನೆಯ ಸೀಸನ್ 2021ರ ಫೆಬ್ರವರಿಗೆ ಜಾರಿದ್ದನ್ನು ಬದಿಗಿಟ್ಟರೆ, ಒಂಬತ್ತರಿಂದ ಹನ್ನೆರಡರವರೆಗಿನ ಸೀಸನ್ನುಗಳು 2022ರ ಸೆಪ್ಟೆಂಬರ್ 24, 2023ರ ಅಕ್ಟೋಬರ್ 8, 2024ರ ಸೆಪ್ಟೆಂಬರ್ 29, 2025ರ ಸೆಪ್ಟೆಂಬರ್ 28ರಂದು ಆರಂಭವಾದವು. ಅಂತರಗಳು 379, 357, 364 ದಿನ. ಆದ್ದರಿಂದ ಕೊನೆಯ ಮೂರು ಅಂತರಗಳ ನಡುವಿನ ವ್ಯತ್ಯಾಸ ಒಂದು ತಿಂಗಳೊಳಗಿದ್ದರೆ ಮಾತ್ರ ಊಹಿಸು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರು ಎಂಬ ನಿಯಮ ಹಾಕಿದ್ದೇನೆ. ಅದರ ಪ್ರಕಾರ ಹದಿಮೂರನೆಯದು 2026ರ ಸೆಪ್ಟೆಂಬರ್ 20 ಮತ್ತು ಅಕ್ಟೋಬರ್ 12ರ ನಡುವೆ ಬೀಳಬೇಕು. ಭಾನುವಾರವೆಂದು ಹಿಡಿದರೆ ನಾಲ್ಕೇ ದಿನಗಳ ಆಯ್ಕೆ. ವಾಹಿನಿಯವರು ಹೇಳುವವರೆಗೆ ಇದು ನನ್ನ ಸ್ಕ್ರಿಪ್ಟಿನ ಲೆಕ್ಕ ಮಾತ್ರ, ಪಟ್ಟಿಯಲ್ಲಿಯೂ ‘ಅಂದಾಜು’ ಎಂದೇ ಇದೆ.

ಈ ಕ್ಯಾಲೆಂಡರನ್ನು ತೋರಿಸಲು ಗೋಡೆಗೆ ತೂಗುಹಾಕಬೇಕಿದ್ದ, ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಕಥೆ ಬೇರೆ. 7.5 ಇಂಚಿನ, 800×480 ಬಿಂದುಗಳ ಪ್ಯಾನೆಲ್ ಕೇಳಿದರೆ ಆನ್‌ಲೈನ್ ಮಾರಾಟಗಾರರು ಅದೇ ಅಳತೆಯ ಬೇರೆ ಆವೃತ್ತಿಯನ್ನು ಕಳುಹಿಸಿ, ವಿಚಾರಿಸಿದಾಗ ‘ಎರಡೂ ಒಂದೇ ಸರ್’ ಎಂದರು. ಒಂದೇ ಆಗಿದ್ದರೆ ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ಬರುತ್ತಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಬದಲಿಗೆ ಎಲ್‌ಸಿಡಿ ಕೊಡುತ್ತೇವೆ ಎಂಬ ಔದಾರ್ಯ. ಡ್ರೈವರ್ ತಂತ್ರಾಂಶ ಬದಲಿಸಿ ಬಣ್ಣ ಸರಿಮಾಡಿದ ಮೇಲೆ ಪರದೆಯನ್ನು ನಡೆಸುವ ಪುಟ್ಟ ಚಿಪ್ಪಾದ ಇಎಸ್‌ಪಿ32 ತನ್ನ ಪ್ರತಾಪ ತೋರಿಸಿತು: ಒತ್ತಕ್ಷರಗಳನ್ನು ಕೂಡಿಸುವ ಶಕ್ತಿ ಅದರ ಅಕ್ಷರ ಗ್ರಂಥಾಲಯಕ್ಕಿಲ್ಲದ್ದರಿಂದ ‘ಸ್ಟ್ರೇಂಜರ್’ ಪದದ ಮೊದಲ ಅಕ್ಷರವೇ ಸ, ಟ, ರ ಎಂದು ಮೂರು ತುಂಡಾಗಿ ಅಕ್ಕಪಕ್ಕ ನಿಂತಿತು. ಅದರ ಜೊತೆ ವಾದಿಸದೆ, ಇಡೀ ಪುಟವನ್ನು ಪೈ ಮೇಲೆ ಪಿಲ್ಲೋ (ಚಿತ್ರ ಬರೆಯುವ ಪೈಥಾನ್ ಗ್ರಂಥಾಲಯ) ಮತ್ತು ರಾಕ್ಮ್ (ಒತ್ತಕ್ಷರ ಕೂಡಿಸುವ ಗ್ರಂಥಾಲಯ) ಬಳಸಿ ಚಿತ್ರವಾಗಿ ಬರೆಸಿ, ಬಿಟ್‌ಮ್ಯಾಪನ್ನು ಮಾತ್ರ ಇಎಸ್‌ಪಿ32ಗೆ ಕಳುಹಿಸುತ್ತಿದ್ದೇನೆ.

ಈ ನಡುವೆ ಮುಂದಿನ ಯೋಜನೆ ಆಗಲೇ ಮೇಜಿನ ಅರ್ಧ ಜಾಗ ಆಕ್ರಮಿಸಿದೆ. ಕನ್ನಡ ಧಾರಾವಾಹಿಗಳ ವಿಷಯದಲ್ಲಿ ಉಚಿತ ದತ್ತಾಂಶ ಮೂಲಗಳು ಬಡವಾಗಿರುವುದರಿಂದ, ವಾಹಿನಿಯ ಸಂಕೇತದ ಜೊತೆಗೇ ಬರುವ ಕಾರ್ಯಕ್ರಮ ಪಟ್ಟಿಯನ್ನು ನೇರವಾಗಿ ಓದಿಬಿಡುವ ಆಲೋಚನೆಯಿದೆ. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದತ್ತ ತಿರುಗಿಸಿದ ಡಿಡಿ ಫ್ರೀ ಡಿಶ್ ಬಟ್ಟಲು ಮಾಳಿಗೆಯ ಮೇಲೆ ಹೇಗೂ ಇದೆ, ಉಪಗ್ರಹ ಟಿವಿಯ ಸಂಕೇತವನ್ನು ಕಂಪ್ಯೂಟರಿಗೆ ತರುವ ಡಿವಿಬಿ-ಎಸ್2 ಯುಎಸ್‌ಬಿ ಟ್ಯೂನರ್ ಒಂದು ಸಾಕು. ಆ ಪಟ್ಟಿಯಲ್ಲಿ ಪಠ್ಯವು ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬರೆಯಬಲ್ಲ ಯುಟಿಎಫ್-8ರಲ್ಲಿದ್ದರೆ ಮೊದಲ ಬೈಟ್ ಹದಿನಾರರ ಎಣಿಕೆಯಲ್ಲಿ 15 ಇರಬೇಕೆಂದು ಡಿಜಿಟಲ್ ಟಿವಿಯ ಮಾನದಂಡವಾದ ಡಿವಿಬಿಯ ನಿಯಮವಿದೆ. ಚಂದನದ ಕಾರ್ಯಕ್ರಮಗಳ ಹೆಸರು ಕನ್ನಡ ಲಿಪಿಯಲ್ಲಿ ಬರುತ್ತದೆಯೋ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರುತ್ತದೆಯೋ ಎಂಬುದು ಆ ಒಂದು ಬೈಟಿನಲ್ಲೇ ಗೊತ್ತಾಗಬೇಕು. ಟ್ಯೂನರನ್ನು ಮಾತ್ರ ಅದೇ ಮಾರಾಟಗಾರರಿಂದ ತರಿಸುವುದಿಲ್ಲ.

ಅಷ್ಟರೊಳಗೆ ಕ್ಯಾಲೆಂಡರಿಗೆ ಒಂದು ಪರೀಕ್ಷೆ ಬಾಕಿಯಿದೆ. ‘ದ ಪಿಟ್’ ಎರಡನೆಯ ಸೀಸನ್ ಜನವರಿ 8ರಿಂದ ಏಪ್ರಿಲ್ 16ರವರೆಗೆ ಪ್ರತಿ ಗುರುವಾರ, ನ್ಯೂಯಾರ್ಕಿನ ರಾತ್ರಿ 9ಕ್ಕೆ, ಒಟ್ಟು 15 ಕಂತು. ನನ್ನ ಫೈಲಿನಲ್ಲಿ ಅದು ಒಂದೇ ಪುನರಾವರ್ತನೆಯ ಸಾಲಾಗಿ ಇದೆ. ಶುಕ್ರವಾರ ಮಾರ್ಚ್ 6ರಂದು ಬೆಳಗ್ಗೆ 7.30 ಎಂದು ತೋರಿಸಿದ ಕ್ಯಾಲೆಂಡರ್, ನಾನು ಏನನ್ನೂ ಮುಟ್ಟದೆ ಮಾರ್ಚ್ 13ರಂದು 6.30 ಎಂದು ತೋರಿಸಬೇಕು. ಫೋನು ಮತ್ತು ಗೋಡೆಯ ಪರದೆ ಎರಡರಲ್ಲೂ ಹಾಗೆ ಬಂದರೆ ಸ್ಕ್ರಿಪ್ಟನ್ನು ಹಂಚಿಕೊಳ್ಳುತ್ತೇನೆ.